ಕೆಂಪು ಗೆರೆ ಯಾರದು?

"ಇನ್ನು ಮೇಲೆ ನನಗೆ ಕೋಪ ಬರುವುದಿಲ್ಲ!"

ಹೀಗಂತ ನಾನು ಘೋಷಿಸಿದ್ದು ಎಪ್ಪತ್ತೊಂಬತ್ತನೇ ಇಸವಿ ಜೂನ್ ತಿಂಗಳಲ್ಲಿ, ಗುಬ್ಬಿಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತುಕೊಂಡು. ಸಭಿಕರು ಒಬ್ಬರೇ, ನನ್ನ ಹೆಂಡತಿ ಗಂಗಲಕ್ಷ್ಮಿ. ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದವಳು ತಲೆ ಎತ್ತದೆ, "ಹಾಗಾದ್ರೆ ಈಗ್ಲೇ ಹೇಳ್ಬಿಡ್ತೀನಿ, ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಗ್ಬಿಟ್ಟದೆ" ಅಂದಳು. ನನಗೆ ಕೋಪ ಬಂತು. ಘೋಷಣೆ ಆಗಿ ಒಂದು ನಿಮಿಷವೂ ಆಗಿರಲಿಲ್ಲವಲ್ಲ, ನುಂಗಿಕೊಂಡೆ.

ನಾನು ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ವೆಂಕಟರಂಗಯ್ಯ. ಡಸ್ಟರ್ ಎಸೆಯುವುದರಲ್ಲಿ ಗುಬ್ಬಿ ತಾಲ್ಲೂಕಿಗೇ ಹೆಸರಾದವನು. ಅದೇ ಬೇಸಿಗೆಯಲ್ಲಿ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ಜಾಸ್ತಿ ಇದೆ, ಸಿಟ್ಟು ಕಡಿಮೆ ಮಾಡಿ ಅಂದಿದ್ದರು. ಹಾಗಂದಿದ್ದಕ್ಕೆ ಅವರ ಮೇಲೂ ಸಿಟ್ಟಾಗಿದ್ದೆ.

ಪರೀಕ್ಷೆ ಡ್ಯೂಟಿಗೆ ಕುಣಿಗಲ್‌ಗೆ ಹೋದಾಗ ನನ್ನ ಅದೃಷ್ಟ ಖುಲಾಯಿಸಿತು. ಅಲ್ಲಿ ಲಕ್ಷ್ಮೀನರಸಿಂಹಯ್ಯ ಅಂತ ರಿಟೈರ್ಡ್ ಶಿರಸ್ತೇದಾರರು ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಕೂತು ಧ್ಯಾನ ಹೇಳಿಕೊಡುತ್ತಿದ್ದರು. ಉಸಿರು ನೋಡುವುದು, ಆಮೇಲೆ ಕರುಣೆ ಬೆಳೆಸುವುದು. ಕರುಣೆಗೆ ಅವರದು ನಾಲ್ಕು ಪಾಠ. ಮೊದಲು ನಿನಗೆ ನೀನು ಒಳ್ಳೆಯದು ಹಾರೈಸಿಕೋ. ಎರಡನೆಯದು, ಮನೆಯವರಿಗೆ. ಮೂರನೆಯದು, ಗುರುತಿಲ್ಲದವರಿಗೆ. ಕಡೆಯದು, ಶತ್ರುವಿಗೆ. ಒಂದೊಂದು ಪಾಠಕ್ಕೂ ಒಂದೊಂದು ತಿಂಗಳು. ಇದರಿಂದ ನಾಡಿ ಇಳಿಯುತ್ತದೆ, ರಕ್ತದ ಒತ್ತಡ ತಗ್ಗುತ್ತದೆ, ಪರದೇಶದ ವಿಜ್ಞಾನಿಗಳೇ ಮೈಗೆಲ್ಲ ವೈರು ಸಿಕ್ಕಿಸಿ ನೋಡಿದ್ದಾರಂತೆ ಅಂತ ಒಂದು ಮಾತು ಸೇರಿಸಿದರು. ವಿಜ್ಞಾನಿಗಳು ಅಂದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತದೆ. ಪರದೇಶದವರು ನೋಡಬಹುದಾದರೆ ಗುಬ್ಬಿಯವನು ಯಾಕೆ ನೋಡಬಾರದು?

ಊರಿಗೆ ಬಂದವನೇ ಸಿಲಬಸ್ ನೋಡಿದೆ. ನಾಲ್ಕು ತಿಂಗಳು ಜಾಸ್ತಿಯಾಯಿತು. ಎರಡನೇ ಪಾಠ, ಮನೆಯವರದು, ಸುಲಭದ್ದು. ಹೆಂಡತಿಯ ಮೇಲೆ ಕರುಣೆ ಇದ್ದೇ ಇರುತ್ತದಲ್ಲ, ಅದನ್ನೇನು ಹೊಸದಾಗಿ ಬೆಳೆಸುವುದು? ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸುಲಭದ ಪಾಠಗಳನ್ನೆಲ್ಲ 'ಮನೇಲಿ ಓದ್ಕೊಳ್ಳಿ' ಅಂತ ಹಾರಿಸಿಯೇ ಅಭ್ಯಾಸ. ಇದನ್ನೂ ಹಾರಿಸಿದೆ. ನನಗೆ ನಾನೇ ಡಬಲ್ ಪ್ರಮೋಷನ್ ಕೊಟ್ಟುಕೊಂಡು ನೇರವಾಗಿ ಶತ್ರುವಿನ ಕ್ಲಾಸಿಗೆ ಹೋದೆ. ಶತ್ರು ಅಂದರೆ ಹೆಡ್‌ಮೇಷ್ಟ್ರು ಕದರಯ್ಯನವರು. ಊಟ ಆದ ಮೇಲಿನ ಪೀರಿಯಡ್ಡುಗಳನ್ನೆಲ್ಲ ನನಗೇ ಹಾಕಿದ್ದ ಮಹಾನುಭಾವರು.

ಧ್ಯಾನದ ಮುಹೂರ್ತ ಬೆಳಿಗ್ಗೆ ಐದೂವರೆಯಿಂದ ಆರೂಕಾಲು. ಇಲ್ಲೊಂದು ಸಣ್ಣ ತೊಡಕಿತ್ತು. ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದೂ ಅದೇ ಹೊತ್ತಿಗೆ! ಅಲ್ಲಿಯವರೆಗೆ ನೀರು ಹೊರುತ್ತಿದ್ದವನು ನಾನು. ಎಂಟು ಕೊಡ. ಮಗಳನ್ನು ಮದುವೆ ಮಾಡಿ ಕಳಿಸಿ ಆಗಿತ್ತು, ಮನೆಯಲ್ಲಿ ನಾವಿಬ್ಬರೇ. ಅಂದ ಮೇಲೆ ಕೊಡ ಯಾರ ಸೊಂಟಕ್ಕೆ ಹೋಯಿತೆಂದು ಬಿಡಿಸಿ ಹೇಳಬೇಕಿಲ್ಲ. ಗಂಗಲಕ್ಷ್ಮಿ ಕೊಡ ಎತ್ತಿಕೊಂಡಳು. ನಿಮ್ಮ ಬಿ.ಪಿ. ಇಳಿದರೆ ಸಾಕು ಅಂದಳು.

ಆಮೇಲೆ ನಿಶ್ಶಬ್ದದ ಕಾನೂನುಗಳು ಬಂದವು. ಆರೂಕಾಲಿನ ತನಕ ಪಾತ್ರೆ ಸದ್ದು ಆಗಕೂಡದು, ಒಗ್ಗರಣೆ ಚಟಪಟ ಅನ್ನಕೂಡದು, ಕೊಡ ಇಳಿಸುವಾಗ ದಡ್ ಅನ್ನಕೂಡದು. ಪಕ್ಕದ ಮನೆಯ ಸರ್ವರ್ ಬೇಗಂ ಸಾಕಿದ್ದ ಹುಂಜ ಮಾತ್ರ ಕಾನೂನಿಗೆ ಬಗ್ಗಲಿಲ್ಲ. ಕದರಯ್ಯನವರಿಗೆ ಒಳ್ಳೆಯದಾಗಲಿ ಅಂತ ನಾನು ಇನ್ನೇನು ಮನಸಾರೆ ಹಾರೈಸಬೇಕು, ಆಗಲೇ ಕೂಗುತ್ತಿತ್ತು. ಹೆಂಡತಿಯನ್ನು ಕಳಿಸಿ ಹೇಳಿಸಿದೆ. ಮೂರನೇ ದಿನ ಹುಂಜದ ದನಿ ಕೇಳಲಿಲ್ಲ, ಮಧ್ಯಾಹ್ನ ಆ ಮನೆಯಿಂದ ಮಸಾಲೆ ವಾಸನೆ ಬಂತು. ಸಕಲ ಜೀವಿಗಳಿಗೂ ಕರುಣೆ ತೋರುವ ನನ್ನ ಸಾಧನೆಗೆ ಬಿದ್ದ ಮೊದಲ ತಲೆ ಅದು. ಮಾರನೆಯ ದಿನದ ಹಾರೈಕೆಯಲ್ಲಿ ಅದರ ಹೆಸರನ್ನೂ ಸೇರಿಸಿಕೊಂಡೆ.

ಇನ್ನು ವಿಜ್ಞಾನ. ಎಂಟನೇ ಕ್ಲಾಸಿನಲ್ಲಿ ಎರಡು ಕುಂಡ ಇಟ್ಟು ತೋರಿಸುತ್ತೇವಲ್ಲ, ಒಂದು ಬಿಸಿಲಲ್ಲಿ, ಒಂದು ಬೀರುವಿನೊಳಗೆ. ಹೋಲಿಸಲು ಇನ್ನೊಂದು ಇಲ್ಲದಿದ್ದರೆ ಅದು ಪ್ರಯೋಗವೇ ಅಲ್ಲ. ಧ್ಯಾನ ಮಾಡುವ ನಾನು ಬಿಸಿಲಿನ ಕುಂಡ. ಧ್ಯಾನ ಮಾಡದ ಗಂಗಲಕ್ಷ್ಮಿ ಬೀರುವಿನ ಕುಂಡ. ಧ್ಯಾನ ಮುಗಿಸಿ ಎದ್ದು ನನ್ನ ನಾಡಿ ಎಣಿಸಿಕೊಳ್ಳುತ್ತಿದ್ದೆ. ಆಮೇಲೆ ಅವಳನ್ನು ಗೋಡೆಗೆ ಒರಗಿಸಿ, ಲೆಕ್ಕಾಚಾರ ತಪ್ಪಬಾರದೆಂದು ಐದು ನಿಮಿಷ ಸುಮ್ಮನೆ ಕೂರಿಸಿ, ಮಾವ ಮದುವೆಯಲ್ಲಿ ಕೊಟ್ಟ ವಾಚು ನೋಡುತ್ತ ಅವಳ ನಾಡಿ ಎಣಿಸುತ್ತಿದ್ದೆ. ಗ್ರಾಫ್ ಹಾಳೆಯಲ್ಲಿ ನನ್ನದು ನೀಲಿ ಗೆರೆ, ಅವಳದು ಕೆಂಪು. ಆ ಐದು ನಿಮಿಷಕ್ಕೆ ಅವಳು ಎಷ್ಟು ಖುಷಿಯಾಗಿ ಬಂದು ಕೂರುತ್ತಿದ್ದಳೆಂದರೆ, ಇವಳಿಗೂ ವಿಜ್ಞಾನದ ರುಚಿ ಹತ್ತಿತಲ್ಲ ಅಂತ ನಾನು ಹಿಗ್ಗಿದೆ. ಕೆಲವು ದಿನ ಕೂತಲ್ಲೇ ನಿದ್ದೆ ಹೋಗಿಬಿಡುತ್ತಿದ್ದಳು.

ನೀಲಿ ಗೆರೆ ಇಳಿಯಿತು. ಎಂಬತ್ತೆಂಟು, ಎಂಬತ್ತನಾಲ್ಕು, ಎಪ್ಪತ್ತೆಂಟು! ಕೆಂಪು ಗೆರೆ ಏರಿತು. ಎಂಬತ್ತಾರು, ತೊಂಬತ್ನಾಲ್ಕು, ನೂರು. ಎರಡು ಗೆರೆ ಒಂದಕ್ಕೊಂದು ದೂರವಾದಷ್ಟೂ ನನಗೆ ಆನಂದ. ಧ್ಯಾನಿಗೂ ಧ್ಯಾನವಿಲ್ಲದವರಿಗೂ ಇರುವ ಅಂತರ ಕಣ್ಣಿಗೇ ಕಾಣುತ್ತಿದೆಯಲ್ಲ! ಈಗ ಇದನ್ನು ಬರೆಯುವಾಗ ಆ ಆನಂದ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ನಾಲ್ಕನೇ ವಾರ ಒಂದು ಬೆಳಿಗ್ಗೆ ನಾನು ಅವಳ ಮಣಿಕಟ್ಟು ಹಿಡಿದಿದ್ದಾಗ ಅವಳು ಮೆಲ್ಲಗೆ, "ರೀ, ಯಾಕೋ ತಲೆ ಒಂಥರಾ ತಿರುಗ್ತದೆ" ಅಂದಳು.

"ಮಾತಾಡ್ಬೇಡ ಕಣೇ, ಎಣಿಸ್ತಾ ಇದೀನಿ" ಅಂದೆ.

ಎಣಿಕೆ ತಪ್ಪಿತ್ತು. ಮೊದಲಿನಿಂದ ಎಣಿಸಿದೆ. ನೂರಾ ನಾಲ್ಕು. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಐದನೇ ವಾರ, ಹುಲಿಯೂರುದುರ್ಗದ ತವರಿಗೆ ಹೋಗಿ ಹತ್ತು ದಿನ ಇದ್ದು ಬರುತ್ತೇನೆ ಅಂದಳು. ಹತ್ತು ದಿನ ಹೋದರೆ ಗ್ರಾಫಿನಲ್ಲಿ ಅಷ್ಟಗಲ ಜಾಗ ಖಾಲಿ ಬೀಳುತ್ತದೆ, ಸೆಮಿನಾರ್ ಮುಗಿಯಲಿ ಅಂದೆ. ನನಗೆ ಕೋಪ ಬಂದಿರಲಿಲ್ಲ, ಅದನ್ನು ಇಲ್ಲಿ ದಾಖಲಿಸಬೇಕು. ತೀರ ಸಮಾಧಾನವಾಗಿಯೇ ಬೇಡ ಅಂದೆ.

ಸೆಮಿನಾರ್ ಅಂದರೆ ತುಮಕೂರಿನಲ್ಲಿ ನಡೆದ ಸೈನ್ಸ್ ಮೇಷ್ಟ್ರುಗಳ ಸಭೆ. ಅದರಲ್ಲಿ 'ಧ್ಯಾನ, ಕರುಣೆ ಮತ್ತು ನಾಡಿಮಿಡಿತ' ಎಂಬ ನನ್ನ ಪ್ರಬಂಧ! ಆರು ವಾರದ ಗ್ರಾಫನ್ನು ದೊಡ್ಡ ಚಾರ್ಟಿಗೆ ಏರಿಸಿ, ಸುರುಳಿ ಸುತ್ತಿ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಸ್ಸು ಹತ್ತಿದೆ. ಷರ್ಟು ಇಸ್ತ್ರಿ ಮಾಡಿದವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಬೀಳ್ಕೊಡಲು ನಿಂತಿದ್ದಾಳೆ ಅಂದುಕೊಂಡೆ.

ಭಾಷಣ ಅದ್ಭುತವಾಗಿ ಹೋಯಿತು. ಕೆಂಪು ಗೆರೆ ನಮ್ಮ ಮನೆಯವರದು, ಅವರಿಗೆ ಧ್ಯಾನ ಇಲ್ಲ, ಬರೀ ನೀರು ಹೊರುವುದು, ಅಡುಗೆ ಅಂದಾಗ ಸಭೆಯೆಲ್ಲ ನಕ್ಕಿತು. ಕದರಯ್ಯನವರು ಸಹ ನಕ್ಕರು. ಶತ್ರುವೂ ಕರಗಿದ, ಕರುಣೆ ಕೆಲಸ ಮಾಡುತ್ತಿದೆ ಅಂದುಕೊಂಡೆ. ನಗದೇ ಇದ್ದವರು ಒಬ್ಬರೇ, ಮುಖ್ಯ ಅತಿಥಿಯಾಗಿ ಬಂದಿದ್ದ ಲೇಡಿ ಡಾಕ್ಟರು. ಅವರು ಎದ್ದು ಬಂದು ಚಾರ್ಟಿನ ಮುಂದೆ ನಿಂತು ಕನ್ನಡಕ ಏರಿಸಿಕೊಂಡರು.

"ಇದು ನೀರು ಹೊತ್ತು ಬಂದ ತಕ್ಷಣ ಎಣಿಸಿದ್ದಾ ಮೇಷ್ಟ್ರೇ?"

"ಇಲ್ಲ ಮೇಡಂ, ಪೂರ್ತಿ ಐದು ನಿಮಿಷ ಕೂರಿಸಿ ಎಣಿಸಿದ್ದು" ಅಂದೆ, ಎದೆಯುಬ್ಬಿಸಿ.

"ಕೂತಿದ್ದಾಗಲೇ ನೂರಾ ಹದಿನೆಂಟು. ಆರು ವಾರದಿಂದ ಏರ್ತಾನೇ ಇದೆ. ನೀವು ಏನು ಮಾಡಿದ್ರಿ?"

ನಾನು ಚಾರ್ಟು ನೋಡಿದೆ. ಆರು ವಾರದಲ್ಲಿ ಮೊದಲನೇ ಸಲ ಸರಿಯಾಗಿ ನೋಡಿದೆ.

"ಗೆರೆ ಎಳೆದೆ ಮೇಡಂ" ಅಂದೆ.

ಯಾರೂ ನಗಲಿಲ್ಲ. ಚಾರ್ಟಿನ ಬದಲು ಅವರನ್ನೇ ಕರಕೊಂಡು ಬರಬಾರದಿತ್ತಾ ಅಂದರು ಡಾಕ್ಟರು, ಬೈದ ಹಾಗೂ ಇರಲಿಲ್ಲ. ನಾಳೆ ಬೆಳಿಗ್ಗೆ ಮೊದಲು ಕರಕೊಂಡು ಬನ್ನಿ ಅಂದರು. ನಾನು ಚಾರ್ಟನ್ನು ಅಲ್ಲೇ ಬಿಟ್ಟು, ಭಾಷಣಕ್ಕೆ ಹಾಕಿದ್ದ ಹಾರವನ್ನೂ ಬಿಟ್ಟು, ಗುಬ್ಬಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಉಸಿರು ನೋಡಿಕೊಳ್ಳಲು ಪ್ರಯತ್ನಪಟ್ಟೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೇ ಕಣ್ಣಿಗೆ ಬರುತ್ತಿತ್ತು.

ಮನೆಗೆ ಬೀಗ. ಸರ್ವರ್ ಬೇಗಂ ತಮ್ಮ ಬಾಗಿಲಲ್ಲೇ ನಿಂತಿದ್ದರು. ನಲ್ಲಿ ಹತ್ತಿರ ಗಂಗಲಕ್ಷ್ಮಿ ಮೂರು ಸಲ ಕಣ್ಣಿಗೆ ಕತ್ತಲೆ ಬಂದು ಕೂತಿದ್ದಳಂತೆ, ಹದಿನೈದು ದಿನದಿಂದ ಅರ್ಧಕ್ಕರ್ಧ ಕೊಡ ತಂದು ಇಡುತ್ತಿದ್ದವರು ಅವರೇ ಅಂತೆ. ಬೆಳಿಗ್ಗೆ ನಾನು ಹೋದ ಮೇಲೆ ಬಾಗಿಲಲ್ಲೇ ಕುಸಿದವಳನ್ನು ತಮ್ಮ ಮನೆಗೆ ಕರಕೊಂಡು ಹೋಗಿ ಮಲಗಿಸಿದ್ದರು.

"ನಿಮ್ಗೆ ಹೇಳೋಣ ಅಂದ್ರೆ ಅವ್ರೇ ಬೇಡ ಅಂದ್ರು ಮೇಷ್ಟ್ರೇ. ನಿಮ್ ಧ್ಯಾನ ಕೆಡ್ತದೆ ಅಂತ. ನನ್ ಹುಂಜಾನೂ ಅದಕ್ಕೇ ಕುಯ್ದಿದ್ದು" ಅಂದರು.

ಮಾರನೆಯ ದಿನ ತುಮಕೂರಿನಲ್ಲಿ ಆ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನನ್ನನ್ನೂ ಕರೆದು ತೋರಿಸಿದರು. ಕೆಂಪಿರಬೇಕಾದ ಜಾಗ ಬಿಳಿಚಿಕೊಂಡಿತ್ತು. ರಕ್ತ ಅರ್ಧಕ್ಕರ್ಧ ಇಲ್ಲ, ಇನ್ನೊಂದು ತಿಂಗಳು ಬಿಟ್ಟಿದ್ದರೆ ಎದೆಗೇ ಕಷ್ಟವಾಗುತ್ತಿತ್ತು ಅಂದರು. ಬೀರುವಿನೊಳಗಿನ ಗಿಡದ ಎಲೆ ಬಿಳಿಚಿಕೊಂಡಾಗ ಮಕ್ಕಳ ಕೈಲಿ ಚಪ್ಪಾಳೆ ತಟ್ಟಿಸುವವನು ನಾನು. ಆ ಪಾಠವನ್ನು ಆಮೇಲೆ ಎಷ್ಟು ವರ್ಷ ಮಾಡಿದರೂ ಚಪ್ಪಾಳೆ ತಟ್ಟಿಸಲು ಕೈ ಬರಲಿಲ್ಲ. ಗಿಡಕ್ಕೆ ನೀರು ಹಾಕಿ ಬೇಗ ಬಿಸಿಲಿಗಿಡಿ ಅನ್ನುತ್ತಿದ್ದೆ.

ಮೂರು ತಿಂಗಳು ಮಾತ್ರೆ, ಮೂರು ತಿಂಗಳು ಸುಧಾರಿಕೆ. ಎಂಟು ಕೊಡ ಮತ್ತೆ ನನ್ನ ಹೆಗಲಿಗೆ. ಧ್ಯಾನ ಬಿಡುತ್ತೇನೆ ಅಂದರೆ ಅವಳೇ ಬಿಡಗೊಡಲಿಲ್ಲ, ನೀರು ತಂದಾದ ಮೇಲೆ ಕೂತ್ಕೊಳ್ಳಿ ಅಂದಳು. ಹಾರಿಸಿದ್ದ ಎರಡನೇ ಪಾಠದಿಂದ ಶುರು ಮಾಡಿದೆ. ಸುಲಭದ್ದು ಅಂದಿದ್ದೆನಲ್ಲ, ತಿಂಗಳಿಡೀ ಕೂತರೂ ಕಣ್ಣು ಮುಚ್ಚಿದರೆ ಆ ಕೆಂಪು ಗೆರೆಯೇ.

ಒಂದು ಬೆಳಿಗ್ಗೆ ಎಂಟನೇ ಕೊಡ ಇಳಿಸಿ ಏದುಸಿರು ಬಿಡುತ್ತ ಗೋಡೆಗೆ ಒರಗಿದೆ. ಅವಳು ಪಕ್ಕದಲ್ಲಿ ಬಂದು ಕೂತು ನನ್ನ ಮಣಿಕಟ್ಟು ಹಿಡಿದಳು. ಸರಿ, ಈಗ ನನ್ನ ಸರದಿ, ಬೈಸಿಕೊಳ್ಳಬೇಕಾದ್ದೇ ಅಂದುಕೊಂಡು ಕಾದೆ. ಒಂದು ನಿಮಿಷ ಆಯಿತು, ಎರಡು ಆಯಿತು, ಐದು ಆಯಿತು. ಅವಳು ಕೈ ಬಿಡಲಿಲ್ಲ.

"ಎಷ್ಟು ಬಂತೇ?" ಅಂದೆ.

"ಎಣಿಸ್ತಾ ಇಲ್ಲ. ಸುಮ್ನೆ ಕೂತ್ಕೊಳ್ಳಿ" ಅಂದಳು.