ಮುತ್ತಮ್ಮನವರು ಒಪ್ಪಿದ ಗ್ಯಾಸು

ಸಿದ್ದರಾಜುವಿನ ಎಡಗಡೆ ಮೀಸೆ ಸುಟ್ಟುಹೋದದ್ದು ದೊಡ್ಡ ವಿಷಯವಲ್ಲ. ಅದು ಸುಡುವುದನ್ನು ವನಜಮ್ಮ ನೋಡಿದಳಲ್ಲ, ತಾಪತ್ರಯ ಶುರುವಾದದ್ದು ಅಲ್ಲಿಂದ.

ಕೊಡಗಿಗೆ ತನ್ನದೇ ರಾಜ್ಯ, ತನ್ನದೇ ಮಂತ್ರಿಗಳು ಇದ್ದ ಕಾಲ. ಗೋಣಿಕೊಪ್ಪಲಿನಲ್ಲಿ ಬಸ್ಸು ನಿಲ್ಲುವ ಕಡೆ ಮುತ್ತಮ್ಮನವರ ಮೂರು ಶೆಡ್ಡುಗಳು ಸಾಲಾಗಿದ್ದವು. ಒಂದರಲ್ಲಿ ವನಜಮ್ಮನ ಕಾಫಿ ಹೋಟೆಲು, ಇನ್ನೊಂದರಲ್ಲಿ ಸಾಂತಪ್ಪನ ಗೋಲಿ ಸೋಡಾ ಅಂಗಡಿ, ನಡುವೆ ಸಿದ್ದರಾಜುವಿನ ವರ್ಕ್‌ಶಾಪು. ಹಾಸನದ ಕಡೆಯಿಂದ ಬಂದ ಈ ಆಸಾಮಿಯ ಹತ್ತಿರ ಸ್ಪ್ಯಾನರುಗಳು ಕಮ್ಮಿ ಇದ್ದರೂ ಧೈರ್ಯಕ್ಕೆ ಯಾವತ್ತೂ ಕೊರತೆ ಇರಲಿಲ್ಲ.

ಅಂದು ಸಂತೆಯ ದಿನ. ಹುದಿಕೇರಿ ಕಡೆಯ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಳಿಯಪ್ಪನವರು ಬೆಳಗ್ಗೆಯೇ ಜೀಪಿನ ರೇಡಿಯೇಟರ್ ತಂದಿಟ್ಟಿದ್ದರು. ಮೂರು ಕಡೆ ಸೋರುತ್ತಿತ್ತು. ಬೆಸುಗೆ ಹಾಕಲೆಂದು ಸಿದ್ದರಾಜು ಸೀಮೆಎಣ್ಣೆಯ ಬ್ಲೋಲ್ಯಾಂಪಿಗೆ ಗಾಳಿ ಒತ್ತಿದ. ಬರ್ನರ್ ಸರಿಯಾಗಿ ಕಾಯುವ ಮೊದಲೇ ಒತ್ತಿದ. ಎಣ್ಣೆ ಚಿಮ್ಮಿ ಬೆಂಕಿ ಭುಗ್ಗೆಂದು ಎದ್ದು ಅರ್ಧ ಮೀಸೆಯನ್ನು ತೆಗೆದುಕೊಂಡು ಹೋಯಿತು.

ಹತ್ತೇ ನಿಮಿಷದಲ್ಲಿ ವನಜಮ್ಮ ಮುತ್ತಮ್ಮನವರನ್ನು ಕರೆದುಕೊಂಡು ಬಂದಳು.

"ಸಿದ್ದರಾಜು, ನಂಗೆ ಇರೋದು ಈ ಮೂರು ಶೆಡ್ಡು ಮಾತ್ರ," ಎಂದರು ಮುತ್ತಮ್ಮ, ಸ್ವರ ಏರಿಸದೆ. "ಸಂಜೆ ಪುನಃ ಬರ್ತೇನೆ. ಅಪಾಯ ಇಲ್ಲದ ಎಂತಾದ್ರೂ ಇದ್ರೆ ತೋರ್ಸು. ಇಲ್ಲಾಂದ್ರೆ ಸಾಮಾನು ಕಟ್ಟು."

"ಸಂಜೆವರೆಗೂ ಯಾಕಮ್ಮಾವ್ರೆ, ಮಧ್ಯಾಹ್ನಕ್ಕೇ ತೋರಿಸ್ತೀನಿ ಬನ್ನಿ," ಎಂದ ಸಿದ್ದರಾಜು, ಉಳಿದರ್ಧ ಮೀಸೆಯನ್ನು ತಿರುವುತ್ತ.

ಸಲಹೆ ಕೊಡುವವರಿಗೇನು ಬರವೇ? "ಪೆಟ್ರೋಲ್ ಹಾಕು ಮಾರಾಯ, ಬೇಗ ಹತ್ತುತ್ತದೆ," ಎಂದರು ಬೆಳ್ಳಿಯಪ್ಪ.

"ಬೇಗ ಹತ್ತೋದೇ ಕಷ್ಟ ಸಾರ್. ಸೀಮೆಎಣ್ಣೆ ಲ್ಯಾಂಪಿಗೆ ಪೆಟ್ರೋಲ್ ಹಾಕಿದ್ರೆ ಮೀಸೆ ಜೊತೆಗೆ ಮೂತೀನೂ ಹೋಯ್ತದೆ."

"ನಮ್ಮ ಇದ್ದಿಲೊಲೆ ತಗೊಂಡೋಗು," ಎಂದಳು ವನಜಮ್ಮ.

"ಅದು ನಿಮ್ಮ ಇಡ್ಲಿಗೆ ಸರಿ ಕಣಕ್ಕ. ನಂಗೆ ಬೇಕಾದ ಕಡೆಗಷ್ಟೇ ತಾಗೋ ಸಣ್ಣ ಉರಿ ಬೇಕು."

ಆ ಸಣ್ಣ ಉರಿ ಎಲ್ಲಿ ಸಿಗುತ್ತದೆಂದು ಸಿದ್ದರಾಜುವಿಗೆ ಚೆನ್ನಾಗಿ ಗೊತ್ತಿತ್ತು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಹುಟ್ಟುವ, ಬೆಳ್ಳುಳ್ಳಿ ನಾತದ ಗ್ಯಾಸು. ಮೈಸೂರಿನ ವರ್ಕ್‌ಶಾಪಿನಲ್ಲಿ ಎರಡು ವರ್ಷ ಅದನ್ನು ಪಳಗಿಸಿದವನು ಅವನು. ತಾಮ್ರದ ಹಂಡೆಯಲ್ಲಿ ಕೂಡಿಟ್ಟರೆ ಅದು ಸಿಡಿಯುವ ಜಾತಿ ಎಂದು ಕಬ್ಬಿಣದ ಡ್ರಮ್ಮನ್ನೇ ಹುಡುಕಿ ತಂದು, ಹಿತ್ತಲಿನಲ್ಲಿ ಗಾಳಿಯಾಡುವ ಕಡೆ ಎಲ್ಲವನ್ನೂ ಸಜ್ಜು ಮಾಡಿಟ್ಟಿದ್ದ. ತೊಂದರೆ ಒಂದೇ. ಹೋದ ವರ್ಷ ಸಿದ್ದರಾಜುವಿಗೂ ಮುಂಚೆ ಇಲ್ಲಿದ್ದ ಕಿತ್ತಳೆ ವ್ಯಾಪಾರಿಯೊಬ್ಬ ಹಣ್ಣು ಮಾಗಿಸಲು ಇಟ್ಟಿದ್ದ ಕಾರ್ಬೈಡ್ ಡಬ್ಬಕ್ಕೆ ಮಳೆನೀರು ಇಳಿದು, ಯಾರೋ ಬೀಡಿ ಹಚ್ಚಿ, ಇದೇ ಶೆಡ್ಡಿನ ಬಾಗಿಲು ಹಾರಿ ರಸ್ತೆಗೆ ಬಿದ್ದಿತ್ತು. ಅವತ್ತಿನಿಂದ ಮುತ್ತಮ್ಮನವರ ಎದುರು ಕಾರ್ಬೈಡಿನ ಹೆಸರೆತ್ತುವ ಹಾಗಿರಲಿಲ್ಲ.

ಸಿದ್ದರಾಜು ಸಾಂತಪ್ಪನ ಅಂಗಡಿಯತ್ತ ನೋಡಿದ. ಸೋಡಾಕ್ಕೆ ತುಂಬುವ ಗ್ಯಾಸಿನ ಸಿಲಿಂಡರೊಂದು ಬಹುಪಾಲು ಖಾಲಿಯಾಗಿ ಗೋಡೆಗೊರಗಿತ್ತು. "ಸಾಂತಪ್ಪಣ್ಣ, ಇದನ್ನ ಸಂಜೆ ತನಕ ಕೊಡಿ," ಎಂದ. ಯಾಕೆಂದು ಕೇಳುವ ಅಭ್ಯಾಸ ಸಾಂತಪ್ಪನಿಗೆ ಇರಲಿಲ್ಲ; ತಾನೇ ಉರುಳಿಸಿಕೊಂಡು ಬಂದು ಕೊಟ್ಟ.

ಹೇಳಿದ ಮಾತಿನಂತೆ ಮಧ್ಯಾಹ್ನಕ್ಕೇ ಎಲ್ಲವೂ ತಯಾರು. ಶೆಡ್ಡಿನ ನಡುವೆ ಸೋಡಾ ಸಿಲಿಂಡರು, ಅದರ ಪಕ್ಕದಿಂದ ಹೊರಟ ರಬ್ಬರ್ ಪೈಪು, ಪೈಪಿನ ತುದಿಗೆ ಕೈಯಲ್ಲಿ ಹಿಡಿದು ಬೆಸುಗೆಯ ಉರಿ ಹಾಯಿಸುವ ಟಾರ್ಚು. ಪೈಪಿನ ಇನ್ನೊಂದು ತುದಿ ಸಿಲಿಂಡರಿನ ಬೆನ್ನ ಹಿಂದಿನಿಂದ ಗೋಡೆಯ ತೂತಿಗೆ ನುಸುಳಿ ಹಿತ್ತಲಿನ ಡ್ರಮ್ಮಿಗೆ ಸೇರಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಮುತ್ತಮ್ಮ ಬಂದು ಸ್ಟೂಲಿನ ಮೇಲೆ ಕುಳಿತರು. ಬಿಸಿಲಿಗೆಂದು ಸಾಂತಪ್ಪ ಅವರಿಗೊಂದು, ಬೆಳ್ಳಿಯಪ್ಪನವರಿಗೆರಡು ಸೋಡಾ ಒಡೆದು ಕೊಟ್ಟ.

"ಊರೇ ಕುಡಿಯೋ ಗ್ಯಾಸು ಅಮ್ಮಾವ್ರೆ. ಇದಕ್ಕಿಂತ ಸೇಫು ಯಾವ್ದೈತೆ?" ಎಂದು ಸಿದ್ದರಾಜು ಕಡ್ಡಿ ಗೀರಿದ.

"ಬೆಳ್ಳುಳ್ಳಿ ವಾಸನೆ ಬರ್ತದಲ್ಲ," ಎಂದಳು ವನಜಮ್ಮ.

"ನಿಮ್ಮದೇ ಚಟ್ನಿ ಇರಬೇಕು, ನೋಡ್ಕಳಿ."

ಟಾರ್ಚಿನ ತುದಿಯಲ್ಲಿ ನೀಲಿ ಜ್ವಾಲೆ ಸೂಜಿಯಂತೆ ನಿಂತಿತು. ನೋಡನೋಡುತ್ತಿದ್ದಂತೆ ರೇಡಿಯೇಟರಿನ ಒಂದು ತೂತು ಮುಚ್ಚಿತು. ತನ್ನ ಬುದ್ಧಿಗೆ ತಾನೇ ಬೀಗುತ್ತ ಸಿದ್ದರಾಜು ತಲೆಯೆತ್ತಿದ.

ಯಾರೂ ಮೆಚ್ಚಿದಂತೆ ಕಾಣಲಿಲ್ಲ. ಮುತ್ತಮ್ಮ ಕೈಯಲ್ಲಿದ್ದ ಸೋಡಾ ಬಾಟಲಿಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಬೆಳ್ಳಿಯಪ್ಪನವರು ಬಾಯಲ್ಲಿದ್ದ ಸಿಗರೇಟನ್ನು ತೆಗೆದು, ಕೈಯನ್ನು ಆದಷ್ಟು ದೂರ ಚಾಚಿ ಹಿಡಿದರು.

"ಇದೇ ಗ್ಯಾಸಾ ನಾವು ಕುಡಿಯೋದು?" ಎಂದರು ಮುತ್ತಮ್ಮ.

ಸುದ್ದಿ ಸಂತೆಗೆ ಹಬ್ಬಲು ವನಜಮ್ಮ ಒಮ್ಮೆ ಬೀದಿಗೆ ಇಳಿದರೆ ಸಾಕಾಗಿತ್ತು. ಅರ್ಧ ಗಂಟೆಯಲ್ಲಿ ಸೋಡಾ ಅಂಗಡಿಯ ಮುಂದೆ ಜನವೋ ಜನ. ಒಬ್ಬ ಹೊಟ್ಟೆ ಹಿಡಿದುಕೊಂಡಿದ್ದ, ಇನ್ನೊಬ್ಬಳು ಮಗುವಿಗೆ ಕುಡಿಸಿಬಿಟ್ಟೆನೆಂದು ಅಳುತ್ತಿದ್ದಳು. ಅಂಗಡಿ ಮುಚ್ಚಿಸಬೇಕೆಂದು ನಾಲ್ಕು ಜನ ಕೂಗಿದರು. "ಇಪ್ಪತ್ತು ವರ್ಷ ಇದರ ಪಕ್ಕದಲ್ಲೇ ಮಲಗಿದ್ದೇನಲ್ಲ," ಎಂದು ಸಾಂತಪ್ಪ ತನ್ನಷ್ಟಕ್ಕೆ ಹೇಳಿಕೊಂಡು, ಬಾಟಲಿಗಳನ್ನು ಒಂದೊಂದಾಗಿ ಚರಂಡಿಗೆ ಸುರಿಯತೊಡಗಿದ.

ಅದನ್ನು ಸಿದ್ದರಾಜು ತನ್ನ ಬಾಗಿಲಿನಿಂದ ಕಂಡ. ಬಾಯಿಬಿಟ್ಟರೆ ಶೆಡ್ಡು ಹೋಗುತ್ತದೆ, ಬಿಡದಿದ್ದರೆ ಈ ಮುಗ್ಧ ಮನುಷ್ಯನ ಅನ್ನ ಹೋಗುತ್ತದೆ. ಅವನು ಜನರ ನಡುವೆ ನುಗ್ಗಿದ.

"ಸುರೀಬೇಡಿ ಸಾಂತಪ್ಪಣ್ಣ. ಉರಿದದ್ದು ನಿಮ್ಮ ಗ್ಯಾಸಲ್ಲ, ನನ್ನ ಕಾರ್ಬೈಡು. ನಾನೇ ಸುಳ್ಳು ಹೇಳಿದ್ದು."

ಸುಳ್ಳನ್ನು ಕೇಳಿದ ಕೂಡಲೇ ನಂಬಿದ್ದ ಜನ ನಿಜಕ್ಕೆ ಸಾಕ್ಷಿ ಕೇಳಿದರು. "ದೋಸ್ತಿಗೋಸ್ಕರ ಹೇಳ್ತಿದ್ದಾನೆ," ಎಂದಳು ವನಜಮ್ಮ. ಬೇರೆ ದಾರಿ ಕಾಣದೆ ಸಿದ್ದರಾಜು ಟಾರ್ಚಿನ ಪೈಪನ್ನು ತಂದು ಸಾಂತಪ್ಪನ ತುಂಬಿದ ಸಿಲಿಂಡರಿಗೆ ಸಿಕ್ಕಿಸಿ ಗ್ಯಾಸು ಬಿಟ್ಟ. ಕಡ್ಡಿ ಗೀರಿ ಹತ್ತಿರ ತಂದ, ಆರಿತು. ಹತ್ತು ಕಡ್ಡಿ ಗೀರಿದ, ಹತ್ತೂ ಆರಿದವು. ನಂಬದ ಬೆಳ್ಳಿಯಪ್ಪನವರು ಪೇಪರಿಗೆ ಬೆಂಕಿ ಹಚ್ಚಿ ಹಿಡಿದರು; ಅದೂ ಹೊಗೆಯಾಡಿ ಸುಮ್ಮನಾಯಿತು. ಜನ ನಕ್ಕು, ಬಾಯಾರಿದವರು ಅಲ್ಲೇ ಸೋಡಾ ಕೇಳಿದರು. ಬೆಳ್ಳಿಯಪ್ಪನವರು ಎರಡು ತೂತು ಬಾಕಿಯಿದ್ದ ರೇಡಿಯೇಟರನ್ನು ಹೊರಿಸಿಕೊಂಡು ವಿರಾಜಪೇಟೆಯ ಬಸ್ಸು ಹತ್ತಿದರು.

ಮುತ್ತಮ್ಮ ಮಾತ್ರ ಸಿಲಿಂಡರನ್ನೇ ನೋಡುತ್ತ ನಿಂತಿದ್ದರು.

"ಕಾರ್ಬೈಡ್ ಇಟ್ಟದ್ದಕ್ಕೆ ನಿನ್ನನ್ನು ಓಡಿಸಬೇಕಿತ್ತು," ಎಂದರು. "ಆದ್ರೆ ಇನ್ನೊಬ್ಬನಿಗಾಗಿ ನಿಜ ಹೇಳಿದೆ. ಶೆಡ್ಡಲ್ಲಿ ನೀನೇ ಇರು."

ಸಿದ್ದರಾಜು ಕೈಮುಗಿದ.

"ಒಂದು ಮಾತು. ಇವತ್ತಿಂದ ನಿನ್ನ ಟಾರ್ಚಿಗೆ ಈ ಸೋಡಾ ಗ್ಯಾಸು ಮಾತ್ರ. ಬೇರೆ ಎಂತದೂ ಒಳಗೆ ಬರಬಾರದು."

"ಅಮ್ಮಾವ್ರೆ, ಇದು ಉರಿಯೋದೇ ಇಲ್ವಲ್ಲ."

"ಅದನ್ನ ನಾನೇ ಕಣ್ಣಾರೆ ನೋಡಿದೆನಲ್ಲ. ಅದಕ್ಕೇ ಹೇಳಿದ್ದು," ಎಂದು ಮುತ್ತಮ್ಮ ಕೊಡೆ ಬಿಡಿಸಿ ಹೊರಟರು.

ಸಿದ್ದರಾಜು ತಿರುಗಿ ನೋಡಿದಾಗ ಸಾಂತಪ್ಪ ಕಣ್ಣೊರೆಸಿಕೊಳ್ಳುತ್ತ, ತುಂಬಿದ ಸಿಲಿಂಡರನ್ನು ವರ್ಕ್‌ಶಾಪಿನೊಳಗೆ ಉರುಳಿಸುತ್ತಿದ್ದ. "ನೀನು ಇಲ್ಲಿ ಇರೋ ತನಕ ಗ್ಯಾಸಿನ ಖರ್ಚು ನನ್ನದೇ ತಮ್ಮ," ಎಂದ.