ಮಾಸ್ತರ ಪೆನ್ನಿಗೆ ತಕ್ಕ ಶಾಯಿ

ನಂಬದಿದ್ದರೆ ಬಿಡ್ರಿ, ನನಗೇನೂ ನಷ್ಟವಿಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕಿನೊಳಗೆ ನನ್ನಂಥ ಅಕ್ಷರ ಬರೆಯುವವನನ್ನು ತೋರಿಸ್ರಿ, ಅವತ್ತೇ ಮೀಸೆ ಬೋಳಿಸುತ್ತೇನೆ. ಶಾಯಿ ಪೆನ್ನು ಕೈಗೆ ಬಂತೆಂದರೆ ಒಂದಿಲ್ಲೊಂದು ಫಜೀತಿ ನನ್ನ ಮನೆ ಹುಡುಕಿಕೊಂಡು ಬರುತ್ತದೆ, ಅದು ಬೇರೆ ಮಾತು.

ಈ ಅಕ್ಷರ ಕಲಿಸಿದವರು ಯಂಕಂಚಿಯ ನಮ್ಮ ಹಳೆಯ ಮಾಸ್ತರು. ರಿಟೈರ್ ಆಗಿ ಬಹಳ ವರ್ಷವಾದರೂ ಕಿಸೆಯಲ್ಲಿ ಅದೇ ಕೆಂಪು ಮೈಯ ಪೆನ್ನು, ಬರೆದೂ ಬರೆದೂ ನಿಬ್ಬು ಒಂದು ಮಗ್ಗುಲಿಗೆ ಸವೆದದ್ದು. ಸಾಲಿ ಕಲಿಯುವಾಗಿನಿಂದ ಅದರ ಮೇಲೆ ನನ್ನ ಕಣ್ಣು. ನಾನೂ ಅತಿಥಿ ಶಿಕ್ಷಕನಾದ ಮೇಲೆ ಒಂದು ಆಯಿತವಾರ, ಸಾಲಿಗೆ ರಜೆಯ ದಿನ, ಹೋಗಿ ಕೇಳಿಯೇಬಿಟ್ಟೆ.

"ಶಾಯಿ ಒಣಗಿ ಕುಂತೈತಿ. ಇದಕ್ಕ ತಕ್ಕ ಶಾಯಿ ತಾ, ಪೆನ್ನು ನಿಂದು" ಅಂದರು. ಯಾವ ಬಣ್ಣ ಎಂದರೆ, ನೀ ಶಾಣ್ಯಾ ಅದೀಯಲ್ಲ, ಹುಡುಕು ಅಂದರು. ಇದೇನು ದೊಡ್ಡದು ಅಂದುಕೊಂಡೆ.

ಹಸಿರು

ಸಿಂದಗಿಯಿಂದ ಹಸಿರು ಶಾಯಿ ತಂದೆ. ಮಾಸ್ತರಿಗೆ ಒಯ್ಯುವ ಮೊದಲು ನಮ್ಮ ಸಾಲಿಯಲ್ಲಿ ನೋಡೋಣವೆಂದು ಹುಡುಗರ ಕಾಪಿಗೆಲ್ಲ ಅದರಲ್ಲೇ ಸಹಿ ಹಾಕಿದೆ. ನಮ್ಮ ಕಡೆ ಹಸಿರು ಶಾಯಿಯಲ್ಲಿ ಸಹಿ ಮಾಡುವವರು ದೊಡ್ಡ ಸಾಹೇಬರು ಮಾತ್ರ. ಮರುದಿನ ಸಾಲಿಯ ಕಟ್ಟೆಗೆ ಅರ್ಧ ಊರೇ ಬಂದಿತ್ತು, ಎಲ್ಲರ ಕೈಯಲ್ಲೂ ಝೆರಾಕ್ಸು, ಸಹಿ ಮಾಡಿ ಕೊಡ್ರಿ ಅಂತ. ನನ್ನ ಸಹಿ ನಡೆಯುವುದಿಲ್ಲವೆಂದರೆ, ಸಾಹೇಬರಿಗೆ ಸೊಕ್ಕು ಬಂದಿದೆ ಎಂದರು. ಸುಳ್ಳೇಕೆ, ಹಿಗ್ಗಿ ಕಾಲ ಮೇಲೆ ಕಾಲು ಹಾಕಿಯೇ ಕೂತೆ. ಹೆಡ್‌ಮಾಸ್ತರು ಬಂದು ಎಲ್ಲ ನೋಡಿ ಮೆಲ್ಲಗೆ ಅಂದರು, "ಸಾಹೇಬ್ರ, ದರ್ಬಾರು ಮುಗಿದಿದ್ರ ಹುಡುಗರಿಗೆ ಹಾಲು ಹಾಕಾಕ ಬರ್ರಿ."

ಕರಿ

ಮುಂದಿನ ಆಯಿತವಾರ ಯಂಕಂಚಿ ಮಾಸ್ತರು ಹಸಿರು ನೋಡಿ "ಇದಲ್ಲ" ಅಂದು, ಚಹಾ ಕುಡಿಸಿ ಕಳಿಸಿದರು. ಮುಂದೆ ಕರಿ ತಂದೆ. ಆಗ ನಮ್ಮ ಅಕ್ಕನ ಮದುವೆ. ಲಗ್ನಪತ್ರಿಕೆಗಳ ಮೇಲೆ ವಿಳಾಸ ಬರೆಯುವ ಕೆಲಸ ನನ್ನದು, ಮತ್ತ್ಯಾರಿಗೆ ಕೊಡುತ್ತಾರೆ? ಮಿರಿಮಿರಿ ಮಿಂಚುವ ಕರಿ ಅಕ್ಷರ ಹೊಡೆದೆ. ನಮ್ಮ ಕಡೆ ಸತ್ತ ಸುದ್ದಿಯ ಕಾರ್ಡು ಮಾತ್ರ ಕರಿ ಅಕ್ಷರದಲ್ಲಿರುತ್ತದೆ ಎಂಬುದು ಹೊಳೆಯಲೇ ಇಲ್ಲ.

ಮುದ್ದೇಬಿಹಾಳದ ಸೋದರತ್ತೆಗೆ ಓದು ಬಾರದು. ಲಕೋಟೆ ನೋಡಿದವಳೇ, ಅದನ್ನು ಒಡೆಸಿ ಓದಿಸದೆ, ಸಿಕ್ಕ ಬಸ್ಸು ಹತ್ತಿ ಬಂದು ನಮ್ಮ ಓಣಿಯ ತುದಿಯಿಂದಲೇ ಅಳುತ್ತ ಓಡಿದಳು. ಒಳಗೆ ಹೆಂಗಸರು ಮದುವೆಯ ಶಾವಿಗೆ ಹೊಸೆಯುತ್ತಿದ್ದರು. ಅತ್ತೆ ಅಳುವುದು ಕಂಡು ಅವರೂ ಅವಳನ್ನು ತಬ್ಬಿಕೊಂಡು ಅಳತೊಡಗಿದರು. ಸತ್ತವರು ಯಾರೆಂದು ಯಾರಿಗೂ ಗೊತ್ತಿಲ್ಲ. ಎಲ್ಲ ತಿಳಿದ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ತಂದಿದ್ದ ಬಟ್ಟೆಗಂಟು ಕೆಳಗಿಟ್ಟಳು. "ಹೆಂಗೂ ಅತ್ತು ಮುಗಿಸೇನಿ. ಹುಡುಗಿನ್ನ ಗಂಡನ ಮನಿಗೆ ಕಳಿಸೋ ದಿನ ಮತ್ತ ಅಳೂದಿಲ್ಲ ನೋಡ್ರಿ."

ನೇರಳೆ

ಕರಿಗೂ ಮಾಸ್ತರು "ಇದಲ್ಲ" ಅಂದರು, ಮತ್ತೆ ಚಹಾ. ಅಂಗಡಿ ಶಾಯಿಯೇ ಬೇಡ, ನಾನೇ ಮಾಡುತ್ತೇನೆಂದು ಬಾಗೇವಾಡಿ ಸಂತೆಯಿಂದ ನೇರಳೆ ಹಣ್ಣು ತಂದು ಹಿಂಡಿ, ಗಟ್ಟಿಯಾಗಲೆಂದು ಬೆಲ್ಲ ಹಾಕಿ ಕಾಯಿಸಿದೆ. ರಾಜರೂ ಕಂಡಿರದ ಬಣ್ಣ. ಕಡ್ಡಿ ಅದ್ದಿ, ಹಾಳೆಯ ಮೇಲೆ ಮಾಸ್ತರ ಹೆಸರು ದಪ್ಪಗೆ ಬರೆದು ಒಯ್ದು ಅವರ ಮನೆಯ ಕಟ್ಟೆಯ ಮೇಲಿಟ್ಟೆ. ಮಾಸ್ತರ ಮನೆಯವರು, ನಮಗೆಲ್ಲ ಅಮ್ಮಾವ್ರು, ಚಹಾ ತಂದರು. ಕುಡಿದು ತಿರುಗುವಷ್ಟರಲ್ಲಿ ಹಾಳೆಯ ತುಂಬ ಇರುವೆ, ಒಂದೊಂದು ಅಕ್ಷರದ ಮೇಲೂ ಸಾಲುಗಟ್ಟಿ. ಮಾಸ್ತರು ಚಸ್ಮಾ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಅಕ್ಷರ ಚಲೋ ಅದಾವ ತಮ್ಮಾ. ಆದ್ರ ಒಂದ ಕಡೆ ನಿಂದರ್ವಲ್ಲವು."

ಸಾದಾ ನೀಲಿ

ಸೋತೆ ಅಂತ ನಾನು ಬರೆಯುವವನಲ್ಲ. ದಣಿದಿದ್ದೆ ಅಷ್ಟೇ. ಇಂಡಿಯ ಅಂಗಡಿಯೊಂದರ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ನೀಲಿ ಶಾಯಿ, ಸಾಲಿ ಹುಡುಗರದ್ದು, ಒಯ್ದು ಮಾಸ್ತರ ಮುಂದಿಟ್ಟೆ. ಇದೇ ಕೊನೆ, ಇನ್ನು ಬರುವುದಿಲ್ಲ ಎಂದೆ.

ಮಾಸ್ತರು ಪೆನ್ನು ತೊಳೆದು, ಶಾಯಿ ತುಂಬಿ, ಅಂಗೈ ಮೇಲೊಂದು ಗೆರೆ ಎಳೆದು "ಇದ ನೋಡು" ಅಂದರು.

ನನಗೆ ಸಿಟ್ಟು ಬಂತು. "ಹೇಳಿದ್ರ ಮೊದಲನೇ ದಿನಾನ ತರ್ತಿದ್ನೆಲ್ರಿ."

ಮಾಸ್ತರು ನಿಬ್ಬು ಒರೆಸತೊಡಗಿದರು. ಒಳಗಿನಿಂದ ಅಮ್ಮಾವ್ರು ಅಂದರು, "ಮೊದಲನೇ ದಿನಾನ ತಂದು, ಪೆನ್ನು ಒಯ್ದಿದ್ರ, ಮತ್ತ ಯಾಕ ಬರ್ತಿದ್ದಿ ನೀ? ಆಯಿತವಾರ ಬಂತಂದ್ರ ಇವರು ನಸಿಕಿನ್ಯಾಗ, ಕೋಳಿ ಕೂಗೂ ಮೊದಲ ಎದ್ದು ದಾಡಿ ಮಾಡ್ಕೊಂಡು ಕಟ್ಟಿ ಮ್ಯಾಲ ಕುಂದರ್ತಾರ. ಹಬ್ಬಕ್ಕೂ ಇಷ್ಟು ಲಗೂ ಎದ್ದವರಲ್ಲ."

ಸಿಟ್ಟು ಬಿಟ್ಟು ಮಾಸ್ತರ ಪಕ್ಕದಲ್ಲಿ ಕೂತೆ. ಆದರೂ ಕೈ ಚಾಚಿಯೇ ಇದ್ದೆ. ಕೊಟ್ಟ ಮಾತು ಕೊಟ್ಟ ಮಾತೇ.

ಮಾಸ್ತರು ಪೆನ್ನನ್ನು ಎರಡು ಭಾಗ ಮಾಡಿ, ಒಂದನ್ನು ಮಾತ್ರ ನನ್ನ ಅಂಗೈಯಲ್ಲಿಟ್ಟರು. "ಇದು ಇಲ್ದಿದ್ರ ವಾರದಾಗ ಶಾಯಿ ಒಣಗತೈತಿ. ಆಯಿತವಾರ ಬಂದು ತೊಳದು ತುಂಬಿ ಕೊಟ್ಟು ಹೋಗು. ಉಳಿದದ್ದು ಆಮ್ಯಾಲ ನೋಡೂನು."

ಇಷ್ಟೆಲ್ಲ ಆಗಿ ನನಗೆ ಸಿಕ್ಕದ್ದು ಒಂದು ಪೆನ್ನಿನ ಮುಚ್ಚಳ.