ವಿಲ್ಗೂನಾ ಬಾನುಲಿಯ ಇಪ್ಪತ್ತು ಅಧಿಕೃತ ಕೇಳುಗರು

ದಕ್ಷಿಣ ಆಸ್ಟ್ರೇಲಿಯಾದ ವಿಲ್ಗೂನಾ ಪಟ್ಟಣದ ಸಮುದಾಯ ಬಾನುಲಿಯನ್ನು ಒಂದು ಹೊತ್ತಿಗೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಕೇಳತಕ್ಕದ್ದಲ್ಲ ಎಂಬ ನಿಯಮವು ಮಾರ್ಚ್ ತಿಂಗಳ ಎರಡನೇ ಮಂಗಳವಾರದಿಂದ ಜಾರಿಯಲ್ಲಿದೆ. ಊರಿನಲ್ಲಿ ಇಷ್ಟು ಶ್ರದ್ಧೆಯಿಂದ ಪಾಲನೆಯಾಗುತ್ತಿರುವ ನಿಯಮ ಇನ್ನೊಂದಿಲ್ಲ.

ನಿಯಮ ತಂದವರು ಬಾನುಲಿಯ ಕಾರ್ಯದರ್ಶಿ ಕ್ಲಾರಿ ಟೊಂಕಿನ್. ಬಾರ್ಲಿ ಬೆಳೆದು ನಿವೃತ್ತರಾದವರು. ಊರಿನವರು ಚೆಂಡುರುಳಿಸಿ ಆಡುವ ಬೋಲ್ಸ್ ಕ್ಲಬ್ಬಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಒಮ್ಮೆ ಎಳೆದು ತೆಗೆದಿದ್ದರಿಂದ ಕಂಪ್ಯೂಟರ್ ಬಲ್ಲವರೆಂದು ಹೆಸರಾಗಿದ್ದರು. ಬೇಸಿಗೆಯ ಬಿರುಗಾಳಿಗೆ ಬಾನುಲಿಯ ಗೋಪುರ ಗುಡ್ಡದ ಮೇಲೆ ಅಡ್ಡಬಿದ್ದಾಗ, ಇನ್ನು ಇಂಟರ್ನೆಟ್ಟಿನಲ್ಲೇ ಪ್ರಸಾರ ಮಾಡುವುದೆಂದು ಸಮಿತಿ ತೀರ್ಮಾನಿಸಿತು. ಅದಕ್ಕೆ ಬೇಕಾದ ಇಂಟರ್ನೆಟ್ಟಿನ ಜಾಗ ಕ್ಲಬ್ಬಿನ ಬಳಿ ಆಗಲೇ ಇತ್ತು. ಕ್ಲಬ್ಬಿನ ವೆಬ್‌ಸೈಟು ಅಡಿಲೇಡಿನ ಒಂದು ಕಂಪನಿಯ ಯಂತ್ರದಲ್ಲಿ ಬಾಡಿಗೆಗಿತ್ತು. ಯಂತ್ರವೆಂದರೆ ಒಂದು ವಠಾರ. ನಾನ್ನೂರು ವೆಬ್‌ಸೈಟುಗಳ ಸಂಸಾರ ಅದೊಂದರಲ್ಲೇ. ಕ್ಲಬ್ಬು ಸಹಿ ಹಾಕಿದ್ದ ಯೋಜನೆಯ ಹೆಸರು ‘ಅಪರಿಮಿತ’.

ಮೊದಲ ದಿನ ಬೆಳಗ್ಗೆ ಎಂಟಕ್ಕೆ ಗ್ಲೆನಿಸ್ ರೊಡ್ಡಾ ತಮ್ಮ ಒಂದು ಗಂಟೆಯ ಕಾರ್ಯಕ್ರಮಕ್ಕೆ ಮೈಕಿನ ಮುಂದೆ ಕೂತರು. ಯಾರ ನಾಯಿ ತಪ್ಪಿಸಿಕೊಂಡಿದೆ, ಯಾರ ಸೊಂಟದ ಆಪರೇಷನ್ ಹೇಗಾಯಿತು, ಶಾಲೆಯ ಬಸ್ಸು ಎಷ್ಟು ತಡ ಎಂಬುದನ್ನೆಲ್ಲ ಮೂವತ್ತೊಂದು ವರ್ಷದಿಂದ ಊರಿಗೆ ಹೇಳುತ್ತ ಬಂದವರು ಅವರು. ಎಂಟು ಗಂಟೆ ನಾಲ್ಕು ನಿಮಿಷಕ್ಕೆ, “ಬೇಕರಿಯ ಹೊಸ ಮಟನ್ ಪೈ ಬಗ್ಗೆ ನನಗೆ ಅನಿಸಿದ್ದು ಏನಂದ್ರೆ” ಎನ್ನುವಷ್ಟರಲ್ಲಿ ಬಾನುಲಿ ನಿಂತುಹೋಯಿತು. ಊರೆಲ್ಲ ಅದನ್ನು ಟೀಕೆಯೆಂದೇ ತಿಳಿಯಿತು. ಬೇಕರಿಯವನು ಮಧ್ಯಾಹ್ನ ಅಂಗಡಿ ಮುಚ್ಚಿ ವಿವರಣೆ ಕೇಳಲು ಬಂದ.

ಐದು ದಿನವೂ ಹೀಗೇ ಆಯಿತು.

“ಕ್ಲಾರಿ, ಮೂವತ್ತೊಂದು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸೋಕೆ ನನ್ನ ಗಂಡನ ಕೈಲೇ ಆಗಿಲ್ಲ,” ಎಂದರು ಗ್ಲೆನಿಸ್. “ನಿನ್ನ ಡಬ್ಬಿ ನಾಲ್ಕೇ ನಿಮಿಷದಲ್ಲಿ ಮುಚ್ಚಿಸ್ತಿದೆ. ಮುಂದಿನ ವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಾನು ಮನೇಲಿ ಟೊಮೆಟೊ ಗಿಡ ನೋಡ್ಕೊಂಡಿರ್ತೀನಿ ಮಾರಾಯ.”

ಕ್ಲಾರಿಯ ಹೆಂಡತಿ ತೀರಿಕೊಂಡ ಸುದ್ದಿಯನ್ನು ಊರಿಗೆ ಹೇಳಿದ್ದು ಆ ಧ್ವನಿ. ಮರುದಿನ, ಅದಕ್ಕೆ ಮರುದಿನ, ಟೀ ಕುಡಿಯುವಾಗ ಅವರ ಅಡುಗೆಮನೆಯಲ್ಲಿದ್ದದ್ದೂ ಅದೊಂದೇ ಧ್ವನಿ. ಅವರು ಕಂಪನಿಗೆ ಫೋನು ಮಾಡಿದರು. ಗ್ರಾಹಕ ಸಂತೋಷ ವಿಭಾಗದ ಕೈರಾ ಎಂಬ ಯುವತಿ ಎತ್ತಿಕೊಂಡಳು.

“ನಿಮ್ಮದು ಅಪರಿಮಿತ ಯೋಜನೆ ಸರ್. ಅದರಲ್ಲಿ ಎಲ್ಲವೂ ಅಪರಿಮಿತ.”

“ಹಾಗಾದ್ರೆ ಯಾಕಮ್ಮ ನಿಂತು ಹೋಗುತ್ತೆ?”

“ನೀವು ಅದನ್ನ ಬಳಸ್ತಾ ಇದ್ದೀರಿ ಸರ್.”

“ಬಳಸಬಾರದಾ?”

“ಧಾರಾಳವಾಗಿ ಬಳಸಿ. ಒಂದು ಹೊತ್ತಿಗೆ ಇಪ್ಪತ್ತು ಜನ. ಇಪ್ಪತ್ತೊಂದನೆಯವರು ಬಂದ್ರೆ, ಉಳಿದ ಬಾಡಿಗೆದಾರರ ನೆಮ್ಮದಿಗೋಸ್ಕರ ಯಂತ್ರ ನಿಮ್ಮದನ್ನ ನಿಲ್ಲಿಸುತ್ತೆ. ಬೇರೆ ಕಡೆ ಜನ ಬರ್ತಾರೆ, ಓದ್ತಾರೆ, ಹೋಗ್ತಾರೆ. ನಿಮ್ಮೋರು ಬಂದು ಕೂತೇ ಬಿಡ್ತಾರೆ.”

“ರೇಡಿಯೋ ಅಂದ್ರೆ ಕೂತು ಕೇಳೋದೇ ಅಲ್ವೇನಮ್ಮ?”

“ಯಾರೂ ಕೇಳದೇ ಇದ್ರೆ ಎಷ್ಟು ವರ್ಷ ಬೇಕಾದ್ರೂ ನಡೆಸಬಹುದು ಸರ್. ಇಲ್ಲಾಂದ್ರೆ ಪೂರ್ತಿ ಯಂತ್ರವನ್ನೇ ತಗೊಳ್ಳಿ. ಆದ್ರೆ ಅದರ ಹೆಸರು ‘ಪರಿಮಿತ’.”

ಸಮಿತಿ ಎರಡು ಗಂಟೆ ಚರ್ಚಿಸಿತು. ಅಪರಿಮಿತದಿಂದ ಪರಿಮಿತಕ್ಕೆ ಇಳಿಯುವುದು ಊರಿನ ಘನತೆಗೆ ಕುಂದು ಎಂದು ನಿರ್ಣಯವಾಯಿತು. ಮರುದಿನ ಅಂಚೆ ಕಚೇರಿಯ ಬಾಗಿಲಿಗೆ ಪ್ರಕಟಣೆ ಅಂಟಿತು:

‘ಬಾನುಲಿ ಕೇಳಬಯಸುವವರು ಪರವಾನಗಿ ಪಡೆಯತಕ್ಕದ್ದು. ಪರವಾನಗಿಗಳ ಸಂಖ್ಯೆ ಇಪ್ಪತ್ತು. ಪರವಾನಗಿದಾರರು ತಮ್ಮ ಮನೆಯಲ್ಲಿರುವ ಕುರ್ಚಿಗಳಷ್ಟು ಸಾರ್ವಜನಿಕರಿಗೆ ಆಶ್ರಯ ನೀಡತಕ್ಕದ್ದು. ಪರವಾನಗಿ ಇಲ್ಲದವರು ಬಾನುಲಿಯ ಮೇಲೆ ಅಭಿಮಾನ ಮಾತ್ರ ಇಟ್ಟುಕೊಳ್ಳಬಹುದು. ಕಾರ್ಯದರ್ಶಿಯವರು ಹಿತಾಸಕ್ತಿ ಸಂಘರ್ಷದ ಕಾರಣ ಅರ್ಹರಲ್ಲ.’

ಕೊನೆಯ ಸಾಲನ್ನು ಬರೆದವರೂ ಕ್ಲಾರಿಯೇ. ಬರೆದ ಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು.

ಶುಕ್ರವಾರ ಕ್ಲಬ್ಬಿನಲ್ಲಿ ಮಾಂಸವೇ ಬಹುಮಾನವಾದ ವಾರದ ಲಾಟರಿಯಲ್ಲೇ ಪರವಾನಗಿಯ ಚೀಟಿಯನ್ನೂ ಎತ್ತಲಾಯಿತು. ಗೆದ್ದವರು ಕುರಿಮಾಂಸದ ತಟ್ಟೆ ಅಥವಾ ಪರವಾನಗಿ, ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಇಪ್ಪತ್ತು ತಟ್ಟೆಗಳೂ ಹಾಗೇ ಉಳಿದವು. ಅಷ್ಟು ದಿನ ಬಾನುಲಿಯತ್ತ ಕಿವಿಗೊಡದವರೂ ಪರವಾನಗಿಯನ್ನು ಎದೆಗೊತ್ತಿಕೊಂಡು ಮನೆಗೆ ಹೋದರು. ಏಳನೇ ನಂಬರು ವೆಸ್ ಬೊಲಿಥೋ ಪಾಲಾಯಿತು. ಬೇಲಿಯ ಜಗಳವಾದಂದಿನಿಂದ, ಅಂದರೆ ಹದಿನಾಲ್ಕು ವರ್ಷದಿಂದ, ವೆಸ್ ನೆರೆಹೊರೆಯವರೊಡನೆ ಮಾತಾಡಿರಲಿಲ್ಲ.

ಸೋಮವಾರ ಕ್ಲಾರಿ ಕುರ್ಚಿಗಳ ತಪಾಸಣೆಗೆ ವೆಸ್ ಮನೆಗೆ ಹೋದರು.

“ಇರೋದು ಒಂದೇ ಕುರ್ಚಿ,” ಎಂದರು ವೆಸ್. “ಅದರಲ್ಲಿ ನಾನು ಕೂತಿದ್ದೀನಿ. ಬರ್ಕೋ.”

ಕ್ಲಾರಿ ಬರೆದುಕೊಂಡರು. ಆದರೆ ಪರರು ತಂದ ಕುರ್ಚಿಯನ್ನು ಎಣಿಸಬಾರದೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಮಂಗಳವಾರ ಏಳೂವರೆಗೆ ಬೇಲಿಯಾಚೆಯವರು ಕುರ್ಚಿ ಹೊತ್ತು ಬಂದರು. ಬುಧವಾರ ಇನ್ನಿಬ್ಬರು. ಗುರುವಾರ ಕ್ಲಾರಿ ಮತ್ತೆ ಹೋದಾಗ ಅಡುಗೆಮನೆಯಲ್ಲಿ ಹನ್ನೊಂದು ಕುರ್ಚಿಗಳಿದ್ದವು. ವೆಸ್ ಕೇಕು ಕತ್ತರಿಸುತ್ತ, “ಸುಮ್ನೆ ಕೂತ್ಕೊಳ್ರೋ, ನಿಮ್ಮನೆ ನಾಯಿ ವಿಷ್ಯಾನೇ ಹೇಳ್ತಿದ್ದಾಳೆ,” ಎಂದು ಬೇಲಿಯಾಚೆಯವರನ್ನೇ ಗದರುತ್ತಿದ್ದರು.

“ತಪಾಸಣೆ ಎಷ್ಟು ಹೊತ್ತು ಮಾಡ್ತೀಯ?” ಎಂದು ಕೇಳಿದರು ಅವರು, ಕ್ಲಾರಿಗೆ ಟೀ ಕೊಡುತ್ತ.

“ಒಂಬತ್ತು ಗಂಟೆವರೆಗೂ ಆಗಬಹುದು,” ಎಂದರು ಕ್ಲಾರಿ. ಅಂದಿನಿಂದ ಏಳನೇ ನಂಬರಿನ ತಪಾಸಣೆ ಪ್ರತಿದಿನ ನಡೆಯಿತು.

ಆಗಸ್ಟಿನಲ್ಲಿ ಕೈರಾಳೇ ಫೋನು ಮಾಡಿದಳು. ಕಂಪನಿ ಹೊಸ ಯಂತ್ರ ತಂದಿದೆ, ಮಿತಿಯನ್ನು ಐನೂರಕ್ಕೆ ಏರಿಸಿದೆ, ಅಭಿನಂದನೆಗಳು, ಎಂದಳು. ಸಮಿತಿ ತುರ್ತು ಮಹಾಸಭೆ ಕರೆಯಿತು. ಇಡೀ ಊರು ಸೇರಿತು.

“ಎಲ್ಲರೂ ಅವರವರ ಮನೇಲೇ ಕೇಳೋದಾದ್ರೆ ನಾನು ಬೆಳಿಗ್ಗೆ ಯಾರನ್ನ ಬೈಲಿ?” ಎಂದು ಕೇಳಿದರು ವೆಸ್.

ಗ್ಲೆನಿಸ್ ಎದ್ದು ನಿಂತು, “ಮೊದಲು ನನ್ನನ್ನ ಪಾತ್ರೆ ತೊಳೀತಾ ಕೇಳ್ತಿದ್ರಿ. ಈಗ ಕೂತು ಕೇಳ್ತೀರಿ. ನನಗಂತೂ ಐನೂರು ಬೇಡ,” ಎಂದರು.

ಮಿತಿ ಏರಿಕೆಯನ್ನು ಸರ್ವಾನುಮತದಿಂದ ತಿರಸ್ಕರಿಸಲಾಯಿತು.

“ಇಪ್ಪತ್ತೇ ಇರಲಿ ಅನ್ನೋಕೆ ನಮ್ಮಲ್ಲಿ ಫಾರಂ ಇಲ್ಲ ಸರ್,” ಎಂದಳು ಕೈರಾ. ಆಮೇಲೆ, “ಮಾಡಿಸ್ತೀನಿ,” ಎಂದಳು.

ಫಾರಂ ಎರಡು ವಾರದಲ್ಲಿ ಬಂತು. ಕಂಪನಿ ಮಂಜೂರು ಮಾಡಿತು. ಮಿತಿ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಕೈರಾ ಒಂದು ಬೆಳಗ್ಗೆ ತಾನೇ ಬಾನುಲಿಗೆ ಸಂಪರ್ಕ ಹಾಕಿದಳು. ಅವಳು ಇಪ್ಪತ್ತೊಂದನೆಯವಳು. ಪಾದ್ರಿಗಳ ಹೆಬ್ಬಾತು ಅಗ್ನಿಶಾಮಕ ವಾಹನವನ್ನು ಹತ್ತಿತು ಎನ್ನುವಲ್ಲಿಗೆ ಗ್ಲೆನಿಸರ ಮಾತು ನಿಂತುಹೋಯಿತು. ಅವಳು ಸಂಪರ್ಕ ಕಡಿದ ಮೇಲೆ ಊರಿಗೆ ಮಾತು ಅಲ್ಲಿಂದಲೇ ಮುಂದುವರಿಯಿತು. ಐದು ನಿಮಿಷದಲ್ಲಿ ಕ್ಲಾರಿಯ ಫೋನು ಬಡಿದುಕೊಂಡಿತು.

“ಮಿತಿ ಚೆನ್ನಾಗಿ ಕೆಲಸ ಮಾಡ್ತಿದೆ ಸರ್. ಹೆಬ್ಬಾತು ಆಮೇಲೆ ಏನಾಯ್ತು?”

“ಅದು ಕೇಳುಗರಿಗೆ ಮಾತ್ರ ತಿಳಿಯತಕ್ಕ ವಿಷಯ ಕಣಮ್ಮ. ಕಾಯೋರ ಪಟ್ಟೀಲಿ ಹೆಸರು ಬರೆಸು.”

ಅವಳ ಹೆಸರು ಈಗ ಇನ್ನೂರ ಆರನೆಯದು. ಸದ್ಯಕ್ಕೆ ಪ್ರತಿ ಗುರುವಾರ ಕಚೇರಿಗೆ ರಜೆ ಹಾಕಿ, ತನ್ನ ಮೇಜಿನ ಪಕ್ಕದ ಕೋಣೆಯ ಯಂತ್ರದಿಂದ ಹೊರಡುವ ಪ್ರಸಾರವನ್ನು ಪರವಾನಗಿದಾರರೊಬ್ಬರ ಮನೆಯಲ್ಲಿ ಕೂತು ಕೇಳಲು, ಮೂರು ಗಂಟೆ ಕಾರು ಓಡಿಸಿಕೊಂಡು ವಿಲ್ಗೂನಾಕ್ಕೆ ಬರುತ್ತಾಳೆ. ರಜೆಯ ಅರ್ಜಿಯಲ್ಲಿ ಕಾರಣವನ್ನು ಇದ್ದದ್ದು ಇದ್ದಂತೆ ಬರೆಯುತ್ತಾಳೆ. ಮೇಲಧಿಕಾರಿಗಳು ಓದಿ ಸಹಿ ಹಾಕುತ್ತಾರೆ.